ಆನಂದಿಬಾಯಿ ಜೋಶಿಯವರ ಸಿದ್ಧತೆ

ವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುವ ಅಧ್ಯಾಪಕನ ಪಾಡು ಬಲ್ಲವರಿಗೇ ಗೊತ್ತು. ಹಳಗನ್ನಡದ ಪದ್ಯವೊಂದನ್ನು ಅನ್ವಯಿಸಿ ಅರ್ಥ ಹೇಳುತ್ತಿರುವಾಗ, ಎದುರಿನ ಪಠ್ಯಪುಸ್ತಕಗಳ ಮರೆಯಲ್ಲಿ ಜೀವಶಾಸ್ತ್ರದ ಪ್ರಶ್ನಾವಳಿಗಳು ತೆರೆದುಕೊಂಡಿರುತ್ತವೆ. ನಾನು ಅದನ್ನು ಕಂಡೂ ಕಾಣದವನಂತೆ ಇದ್ದುಬಿಡುತ್ತೇನೆ. ಹದಿನೇಳು ವರ್ಷದ ಮಕ್ಕಳು. ಒಂದು ಪ್ರವೇಶಪರೀಕ್ಷೆಯ ಮೇಲೆ ತಮ್ಮ ಬಾಳೆಲ್ಲ ನಿಂತಿದೆಯೆಂದು ನಂಬಿರುವವರು. ಅವರ ಮೇಲೆ ಸಿಟ್ಟುಗೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಕಳೆದ ವರ್ಷ ಅಂಥ ತರಗತಿಯೊಂದರ ವಿದ್ಯಾರ್ಥಿನಿ ಪಾಠ ಮುಗಿದ ಮೇಲೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ರಜೆ ಕೇಳಲು ಬಂದಿರಬಹುದೆಂದು ನಾನು ಭಾವಿಸಿದೆ. ಆಕೆ ಕೇಳಿದುದು ರಜೆಯನ್ನಲ್ಲ. ತಾನು ವೈದ್ಯಳಾಗಬೇಕೆಂದು ತಂದೆ ತಾಯಿ ನಿಶ್ಚಯಿಸಿದ್ದಾರೆ, ಅಂಕಗಳೂ ಬರುತ್ತಿವೆ, ಆದರೆ ಆ ಆಸೆ ತನ್ನದೋ ಅವರದೋ ತನಗೆ ತಿಳಿಯುತ್ತಿಲ್ಲ. ಅದನ್ನು ತಿಳಿಯುವ ಬಗೆ ಯಾವುದು ಎಂದು ಕೇಳಿದಳು. ಸಂಧಿ ಸಮಾಸಗಳ ವಿಷಯದಲ್ಲಿ ನನಗಿರುವ ಧೈರ್ಯ ಇಂಥ ವಿಷಯದಲ್ಲಿಲ್ಲ. ನಾಳೆ ಹೇಳುತ್ತೇನೆಂದು ಕಳುಹಿಸಿದೆ. ಮನೆಗೆ ನಡೆದುಹೋಗುವಾಗ ನೆನಪಾದವರು ಆನಂದಿಬಾಯಿ ಜೋಶಿ. ಈ ಪ್ರಶ್ನೆಯನ್ನು ಹದಿನೇಳು ತುಂಬಿದ ವಯಸ್ಸಿನಲ್ಲೇ, ತುಂಬಿದ ಸಭೆಯ ಮುಂದೆ ನಿಂತು ಎದುರಿಸಿದ ಹೆಣ್ಣುಮಗಳು ಆಕೆ.

ಆನಂದಿಬಾಯಿಯವರ ಹೆಸರನ್ನು ಕೇಳದವರು ಕಡಿಮೆ. ಪಾಶ್ಚಾತ್ಯ ವೈದ್ಯಪದವಿ ಪಡೆದ ಮೊದಲ ಹಿಂದೂ ಮಹಿಳೆಯೆಂದು ಶಾಲೆಯ ಪುಸ್ತಕಗಳು ಆಕೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಆ ವಾಕ್ಯ ಹೇಳದಿರುವ ಸಂಗತಿಯೊಂದಿದೆ. ಪದವಿ ಪಡೆದು ಒಂದು ವರ್ಷ ತುಂಬುವುದಕ್ಕೆ ಮೊದಲೇ, ತಾಯ್ನಾಡಿನಲ್ಲಿ ತನ್ನ ಉದ್ಯೋಗವನ್ನು ಆರಂಭಿಸುವುದಕ್ಕೂ ಮೊದಲೇ, ಆಕೆ ತೀರಿಕೊಂಡರು. ಅವರ ಬಾಳೆಲ್ಲವೂ ಸಿದ್ಧತೆಯೇ ಆಗಿತ್ತು. ಫಲವನ್ನು ನೋಡಿ ಮರವನ್ನು ಅಳೆಯುವವರಿಗೆ ಇದು ತುಂಡಾದ ಕಥೆಯಂತೆ ಕಾಣಬಹುದು. ಆದರೆ ವೈದ್ಯವೃತ್ತಿಗೆ ಮನುಷ್ಯನು ಹೇಗೆ ಸಿದ್ಧನಾಗುತ್ತಾನೆ ಎಂಬುದನ್ನು ಅರಿಯಬಯಸುವವರಿಗೆ ಇದಕ್ಕಿಂತ ನೇರವಾದ ಜೀವನಚರಿತ್ರೆ ಸಿಗುವುದು ಕಷ್ಟ.

ಅವರು ಹುಟ್ಟಿದ್ದು ೧೮೬೫ನೆಯ ಮಾರ್ಚ್ ೩೧ರಂದು. ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ ಒಂದು ಕಾಲಕ್ಕೆ ಸ್ಥಿತಿವಂತವಾಗಿದ್ದ ಬ್ರಾಹ್ಮಣ ಮನೆತನ ಅವರದು. ತಾಯಿತಂದೆ ಇಟ್ಟ ಹೆಸರು ಯಮುನಾ. ಒಂಬತ್ತನೆಯ ವರ್ಷದಲ್ಲಿ ಮದುವೆಯಾಯಿತು. ವರ ಗೋಪಾಲರಾವ್ ಜೋಶಿ ಅಂಚೆ ಇಲಾಖೆಯ ಗುಮಾಸ್ತರು. ಮೊದಲ ಹೆಂಡತಿಯನ್ನು ಕಳೆದುಕೊಂಡವರು. ವಯಸ್ಸಿನಲ್ಲಿ ಹುಡುಗಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರು. ಮದುವೆಯ ಮೇಲೆ ಆಕೆಗೆ ಆನಂದಿ ಎಂಬ ಹೊಸ ಹೆಸರು ಬಂದಿತು. ಇಷ್ಟು ಆ ಕಾಲದ ಸಾವಿರಾರು ಹೆಣ್ಣುಮಕ್ಕಳ ಕಥೆ. ಇಲ್ಲಿಂದ ಮುಂದೆ ಅದು ಬೇರೆಯಾಗುತ್ತದೆ. ಏಕೆಂದರೆ ಗೋಪಾಲರಾಯರು ಬೇರೆ ಬಗೆಯ ಮನುಷ್ಯ.

ಹೆಂಡತಿ ಓದಬೇಕೆಂಬುದು ಅವರ ಹಟ. ಅದನ್ನು ಹಟವೆಂದೇ ಹೇಳಬೇಕು. ಆದರ್ಶ ಎಂಬ ಮಾತು ಅದಕ್ಕೆ ತೀರ ಮೃದು. ಬೇರೆ ಗಂಡಂದಿರು ಹೆಂಡತಿ ಅಡಿಗೆ ಮಾಡಲಿಲ್ಲವೆಂದು ಹೊಡೆಯುತ್ತಿದ್ದ ಕಾಲದಲ್ಲಿ, ಓದುವುದನ್ನು ಬಿಟ್ಟು ಅಡಿಗೆಮನೆಯಲ್ಲಿ ಕುಳಿತಳೆಂದು ಹೆಂಡತಿಯ ಮೇಲೆ ಕೈ ಮಾಡಿದವರು ಅವರು. ಅಲಿಬಾಗ, ಕೊಲ್ಲಾಪುರ, ಮುಂಬಯಿ, ಭುಜ್ ಎಂದು ವರ್ಗವಾದಲ್ಲೆಲ್ಲ ಹುಡುಗಿಯ ಓದು ಮುಂದುವರಿಯಿತು. ಗಂಡಹೆಂಡತಿ ಜತೆಯಾಗಿ ಬೀದಿಯಲ್ಲಿ ನಡೆದುಹೋಗುವುದೇ ಅಚ್ಚರಿಯಾಗಿದ್ದ ದಿನಗಳು. ಪುಸ್ತಕ ಹಿಡಿದು ಶಾಲೆಗೆ ಹೋಗುವ ಗೃಹಿಣಿಯನ್ನು ಜನ ಕಿಟಕಿಗಳಿಂದ ಇಣಿಕಿ ನೋಡಿದರು, ಹಾಸ್ಯಮಾಡಿದರು. ಆ ನೋಟಗಳ ನಡುವೆ ತಲೆಯೆತ್ತಿ ನಡೆಯುವುದು ಆಕೆ ಕಲಿತ ಮೊದಲ ಪಾಠ. ಆದರೆ ಇಲ್ಲಿಯವರೆಗೆ ಆಸೆ ಗಂಡನದು. ಹೆಂಡತಿಯದು ವಿಧೇಯತೆ ಮಾತ್ರ.

ಆಸೆ ಆಕೆಯ ಸ್ವಂತದ್ದಾದುದು ದುಃಖದ ಮೂಲಕ. ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಬಾಯಿ ಗಂಡುಮಗುವಿಗೆ ತಾಯಿಯಾದರು. ಮಗು ಹತ್ತು ದಿನ ಬದುಕಿತ್ತು. ಅದನ್ನು ಉಳಿಸಬಲ್ಲ ವೈದ್ಯಸಹಾಯ ಸಿಗಲಿಲ್ಲ. ಅಂದು ಬಾಣಂತಿಯ ಕೋಣೆಗೆ ಪ್ರವೇಶವಿದ್ದುದು ಸೂಲಗಿತ್ತಿಗೆ ಮಾತ್ರ. ಪುರುಷ ವೈದ್ಯನು ಹೊಸ್ತಿಲು ದಾಟುವಂತಿರಲಿಲ್ಲ. ಅವನಿಗೆ ನಾಡಿ ತೋರಿಸುವುದಕ್ಕಿಂತ ಸಾಯುವುದೇ ಲೇಸೆಂದು ತಿಳಿದ ಹೆಂಗಸರು ಹಲವರಿದ್ದರು. ಮಗುವನ್ನು ಕಳೆದುಕೊಂಡ ಆ ಹುಡುಗಿ ತನ್ನ ದುಃಖದಲ್ಲಿ ಕೇವಲ ವಿಧಿಯನ್ನು ಕಾಣಲಿಲ್ಲ. ಒಂದು ಕೊರತೆಯನ್ನು ಕಂಡಳು. ವಿಧಿಯ ಮುಂದೆ ಅಳಬಹುದು, ಕೊರತೆಯನ್ನು ತುಂಬಬೇಕಾಗುತ್ತದೆ. ಹೆಂಗಸರಿಗೆ ಹೆಂಗಸೇ ವೈದ್ಯಳಾಗಬೇಕು, ಆ ಕೆಲಸಕ್ಕೆ ತಾನು ಸಿದ್ಧಳಾಗಬೇಕು ಎಂಬ ನಿಶ್ಚಯ ಆ ಬಾಣಂತಿಕೋಣೆಯಲ್ಲಿ ಬೇರುಬಿಟ್ಟಿತು. ಓದಬೇಕೆಂದವರು ಗೋಪಾಲರಾಯರು, ಏತಕ್ಕಾಗಿ ಓದಬೇಕೆಂಬುದನ್ನು ನಿರ್ಧರಿಸಿದವರು ಆನಂದಿಬಾಯಿ. ಅವರ ಜೀವನದ ಮರ್ಮ ಈ ವ್ಯತ್ಯಾಸದಲ್ಲಿದೆಯೆಂದು ನನಗೆ ತೋರುತ್ತದೆ.

ದಾರಿ ತೆರೆದ ರೀತಿ ವಿಚಿತ್ರವಾದುದು. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಬೇಕು, ತನಗೂ ಅಲ್ಲೊಂದು ಕೆಲಸ ಸಿಗಬೇಕು ಎಂದು ಗೋಪಾಲರಾಯರು ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಪಾದ್ರಿಗೆ ಪತ್ರ ಬರೆದರು. ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಲಾಪುರದಲ್ಲಿ ಮಿಷನ್ ಸ್ಥಾಪಿಸಿದವರು ವೈಲ್ಡರ್; ಆಗ ಸ್ವದೇಶಕ್ಕೆ ಮರಳಿ ‘ಮಿಷನರಿ ರಿವ್ಯೂ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. ಕ್ರೈಸ್ತರಾಗುವುದಾದರೆ ಸಹಾಯದ ಮಾತು ಎಂಬ ಧಾಟಿಯ ಉತ್ತರ ಬಂದಿತು. ದಂಪತಿಗಳು ಅದಕ್ಕೆ ಒಪ್ಪಲಿಲ್ಲ. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ವೈಲ್ಡರರು ಆ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದರು. ನ್ಯೂಜರ್ಸಿಯ ರೋಸೆಲ್ ಎಂಬ ಊರಿನ ಥಿಯೊಡೀಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ದಂತವೈದ್ಯನಲ್ಲಿ ತನ್ನ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ ಆ ಸಂಚಿಕೆ ಕೈಗೆ ಸಿಕ್ಕಿತು. ಎಲ್ಲೋ ದೂರದ ಹಿಂದೂಸ್ಥಾನದಲ್ಲಿ ವೈದ್ಯಕೀಯ ಕಲಿಯಬಯಸುವ ಹುಡುಗಿ, ಹೆಂಡತಿಯ ಓದಿಗಾಗಿ ಹಂಬಲಿಸುವ ಗಂಡ—ಈ ಸುದ್ದಿ ಆಕೆಯ ಮನಸ್ಸನ್ನು ಕಲಕಿತು. ೧೮೮೦ರಲ್ಲಿ ಆಕೆ ಬರೆದ ಕಾಗದದಿಂದ ಒಂದು ಸ್ನೇಹ ಆರಂಭವಾಯಿತು. ಹಬ್ಬಹುಣ್ಣಿಮೆ, ಬಾಲ್ಯವಿವಾಹ, ಮನೆವಾರ್ತೆ, ದೇವರು, ಔಷಧ ಎಲ್ಲವೂ ಆ ಕಾಗದಗಳಲ್ಲಿ ಬಂದವು. ಆನಂದಿಬಾಯಿಗೆ ಆಕೆ ಮಾವಶಿಯಾದರು, ಎಂದರೆ ತಾಯಿಯ ತಂಗಿ. ಇಂಗ್ಲಿಷ್ ಭಾಷೆಯಲ್ಲಿ ಮನಸ್ಸನ್ನು ಬಿಚ್ಚಿ ಬರೆಯುವ ಅಭ್ಯಾಸ ಈ ಪತ್ರಗಳಿಂದಲೇ ಬಲಿತಿತು. ಇದೂ ಒಂದು ಸಿದ್ಧತೆಯೇ.

ಗೋಪಾಲರಾಯರಿಗೆ ಕಲ್ಕತ್ತೆಗೆ, ಆ ಮೇಲೆ ಶ್ರೀರಾಮಪುರಕ್ಕೆ ವರ್ಗವಾಯಿತು. ಅಲ್ಲಿ ಆನಂದಿಬಾಯಿಯವರ ಆರೋಗ್ಯ ಕುಂದತೊಡಗಿತು. ನಿಶ್ಶಕ್ತಿ, ಬಿಡದ ತಲೆನೋವು, ಆಗಾಗ ಜ್ವರ, ಕೆಲವೊಮ್ಮೆ ಉಸಿರಿನ ತೊಂದರೆ. ಮಾವಶಿ ಅಮೆರಿಕದಿಂದ ಔಷಧ ಕಳುಹಿಸಿದರು, ಗುಣವಾಗಲಿಲ್ಲ. ಇದೇ ಕಾಲಕ್ಕೆ, ತಮಗೆ ಹೊರಡಲಾಗದಿದ್ದರೆ ಹೆಂಡತಿಯೊಬ್ಬಳನ್ನೇ ಕಳುಹಿಸುವುದೆಂದು ಗೋಪಾಲರಾಯರು ತೀರ್ಮಾನಿಸಿದರು. ಥೋರ್ಬರ್ನ್ ಎಂಬ ವೈದ್ಯದಂಪತಿಗಳು ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜಿನ ಹೆಸರನ್ನು ಸೂಚಿಸಿದರು. ಬ್ರಾಹ್ಮಣ ಗೃಹಿಣಿ ಸಮುದ್ರ ದಾಟುವಳೆಂಬ ಸುದ್ದಿ ಹರಡಿತು. ನಿಂದೆ ಎರಡು ದಿಕ್ಕಿನಿಂದ ಬಂದಿತು. ಸ್ವಜಾತಿಯವರು ಧರ್ಮ ಕೆಟ್ಟಿತೆಂದರು. ಕೆಲವು ಕ್ರೈಸ್ತರು ಮತಾಂತರವಾಗದೆ ಹೋಗುವುದೇಕೆಂದು ಕೇಳಿದರು.

ಆಗ ಆಕೆ ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ಅವರ ಬಾಳಿನ ಅತ್ಯಂತ ಧೀರವಾದ ಕಾರ್ಯ. ೧೮೮೩ನೆಯ ಫೆಬ್ರವರಿ ೨೪ರಂದು, ಶ್ರೀರಾಮಪುರದ ಕಾಲೇಜಿನ ಸಭಾಭವನದಲ್ಲಿ, ಸೇರಿದ್ದ ದೇಶೀಯರ ಮತ್ತು ಯೂರೋಪಿಯನರ ಮುಂದೆ ನಿಂತು ತಾನು ಹೊರಟಿರುವುದೇಕೆಂದು ಇಂಗ್ಲಿಷಿನಲ್ಲಿ ವಿವರಿಸಿದರು. ಜನ ತನ್ನನ್ನು ಕೇಳುತ್ತಿದ್ದುದನ್ನೆಲ್ಲ ಆರು ಪ್ರಶ್ನೆಗಳಾಗಿ ವಿಂಗಡಿಸಿಕೊಂಡು ಒಂದೊಂದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದರು. ಅಮೆರಿಕಕ್ಕೆ ಏಕೆ ಹೋಗುವುದು? ಹಿಂದೂಸ್ಥಾನದಲ್ಲಿ ಕಲಿಯಲು ಅನುಕೂಲವಿಲ್ಲವೆ? ಒಂಟಿಯಾಗಿ ಏಕೆ ಹೋಗಬೇಕು? ಮರಳಿ ಬಂದಾಗ ಜಾತಿಯಿಂದ ಬಹಿಷ್ಕಾರ ಆಗುವುದಿಲ್ಲವೆ? ಅಲ್ಲಿ ಕೇಡು ಸಂಭವಿಸಿದರೆ ಏನು ಗತಿ? ಹೆಣ್ಣಾದವಳು ಯಾರೂ ಮಾಡದಿರುವ ಕೆಲಸವನ್ನು ತಾನೇಕೆ ಮಾಡಬೇಕು?

ಉತ್ತರಗಳಲ್ಲಿ ಆವೇಶಕ್ಕಿಂತ ವಿವೇಚನೆ ಹೆಚ್ಚು. ಮದರಾಸಿನಲ್ಲಿ ವೈದ್ಯಕೀಯ ಕಾಲೇಜು ಹೆಂಗಸರಿಗೆ ತೆರೆದಿದೆಯೆಂಬುದನ್ನು ಆಕೆ ಬಲ್ಲರು. ಅಲ್ಲಿ ೧೮೭೫ರಿಂದಲೇ ಕೆಲವರು ಪ್ರವೇಶ ಪಡೆದಿದ್ದರು. ಬೇರೆಡೆ ಸೂಲಗಿತ್ತಿಯರ ತರಗತಿಗಳಿದ್ದವು. ಆದರೆ ಆ ಶಿಕ್ಷಣ ಅಪೂರ್ಣ, ಕಲಿಸುವವರ ಮನಸ್ಸು ಸಂಕುಚಿತ ಎಂದು ಅಂಜದೆ ಹೇಳಿದರು. ಕ್ರೈಸ್ತಳಾಗಲಿ ಬ್ರಾಹ್ಮಸಮಾಜದವಳಾಗಲಿ ಅಲ್ಲದ ಹೆಂಗಸು ಓದಿಗಾಗಿ ಬೀದಿಗಿಳಿದರೆ ಅನುಭವಿಸಬೇಕಾದ ಅವಮಾನವನ್ನು ತನ್ನ ಅನುಭವದಿಂದಲೇ ತಿಳಿಸಿದರು. ಗಂಡನ ಮೇಲೆ ವೃದ್ಧ ತಾಯಿಯ ಮತ್ತು ಚಿಕ್ಕ ತಮ್ಮಂದಿರ ಭಾರವಿದೆ. ಆದುದರಿಂದ ತಾನೊಬ್ಬಳೇ ಹೋಗಬೇಕು. ಇಲ್ಲಿ ಹೇಗೋ ಅಲ್ಲಿಯೂ ಹಾಗೆಯೇ ಉಡುಗೆ ಊಟ ನಡತೆಗಳಲ್ಲಿ ಹಿಂದೂವಾಗಿಯೇ ಇರುವವಳಿಗೆ ಬಹಿಷ್ಕಾರ ಏತಕ್ಕೆ? ಕೇಡು ಎಂಬುದು ಮನೆಯೊಳಗೆ ಕುಳಿತವರನ್ನೂ ಬಿಡುವುದಿಲ್ಲ; ಅದರ ಹೆದರಿಕೆಯಿಂದ ಕೆಲಸ ಬಿಡುವುದು ಸಲ್ಲದು. ಇನ್ನು ಆರನೆಯ ಪ್ರಶ್ನೆಗೆ ಆಕೆಯ ಉತ್ತರದ ತಾತ್ಪರ್ಯ ಇಷ್ಟು: ಸಮಾಜಕ್ಕೆ ನಾವು ಋಣಿಗಳು, ಯಾರೂ ಮಾಡಿಲ್ಲವೆಂಬುದು ಮಾಡಬೇಕಾದ ಕೆಲಸವನ್ನು ಮಾಡದಿರಲು ಕಾರಣವಾಗಲಾರದು.

ಅದೇ ವರ್ಷದ ಏಪ್ರಿಲ್ ೭ರಂದು ಕಲ್ಕತ್ತೆಯಿಂದ ಹಡಗು ಹೊರಟಿತು. ಜತೆಗೆ ಪರಿಚಯದ ಮಹಿಳೆಯರಿದ್ದರು; ಬಂಧುಗಳು ಯಾರೂ ಇಲ್ಲ. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ಇಳಿದಾಗ ಕಾರ್ಪೆಂಟರ್ ಮಾವಶಿ ಎದುರುಗೊಂಡರು. ಕಾಗದದಲ್ಲಿ ಬೆಳೆದಿದ್ದ ನಂಟು ಅಂದು ಕಣ್ಣಿಗೆ ಕಂಡಿತು. ಬೇಸಗೆಯನ್ನು ರೋಸೆಲ್ ಊರಿನಲ್ಲಿ ಆ ಮನೆಯ ಮಗಳಾಗಿ ಕಳೆದ ಆನಂದಿಬಾಯಿ ಅಲ್ಲಿಂದಲೇ ಕಾಲೇಜಿಗೆ ಪ್ರವೇಶ ಕೋರಿ ಪತ್ರ ಬರೆದರು. ತನ್ನ ಶಾಲಾಶಿಕ್ಷಣ ಅಲ್ಪವೆಂಬುದು ಆಕೆಗೆ ಗೊತ್ತಿತ್ತು. ಅಂಕಪಟ್ಟಿಯ ಬಲ ಇಲ್ಲದವಳು ತನ್ನ ಉದ್ದೇಶವನ್ನೇ ಮುಂದಿಟ್ಟಳು. ಬಂಧುಮಿತ್ರರ ಮತ್ತು ಜಾತಿಯ ವಿರೋಧವನ್ನು ಎದುರಿಸಿ ಇಷ್ಟು ದೂರ ಬಂದ ಛಲವು ಓದನ್ನೂ ಮುಗಿಸಿಕೊಡಬಲ್ಲದೆಂದು ವಾದಿಸಿದಳು. ಪುರುಷ ವೈದ್ಯರ ಕೈಯಿಂದ ಚಿಕಿತ್ಸೆ ಪಡೆಯಲೊಲ್ಲದೆ ಸಾಯುವ ತನ್ನ ನಾಡಿನ ಹೆಂಗಸರ ಸಲುವಾಗಿ ಈ ವಿದ್ಯೆ ಬೇಕೆಂದು ತಿಳಿಸಿದಳು. ಕಾಲೇಜಿನ ಮುಖ್ಯಸ್ಥೆ ರೇಚೆಲ್ ಬಾಡ್ಲಿ ರಸಾಯನಶಾಸ್ತ್ರದ ವಿದ್ವಾಂಸೆ. ಆ ಪತ್ರವನ್ನು ಓದಿ ಪ್ರವೇಶವನ್ನೂ ವಿದ್ಯಾರ್ಥಿವೇತನವನ್ನೂ ದೊರಕಿಸಿಕೊಟ್ಟರು.

ಅಮೆರಿಕದಲ್ಲಿ ಹೆಂಗಸರ ವೈದ್ಯಕೀಯ ಶಿಕ್ಷಣಕ್ಕೆ ಹೂವಿನ ಹಾಸಿಗೆ ಹಾಸಿತ್ತೆಂದು ಯಾರೂ ತಿಳಿಯಬಾರದು. ಫಿಲಡೆಲ್ಫಿಯದ ಆ ಕಾಲೇಜು ೧೮೫೦ರಲ್ಲಿ ಸ್ಥಾಪಿತವಾದುದು. ಪುರುಷರ ಕಾಲೇಜುಗಳು ಬಾಗಿಲು ಮುಚ್ಚಿದ್ದುದರಿಂದಲೇ ಅದು ಹುಟ್ಟಬೇಕಾಯಿತು. ೧೮೬೯ರಲ್ಲಿ ಅದರ ವಿದ್ಯಾರ್ಥಿನಿಯರು ಪೆನ್ಸಿಲ್ವೇನಿಯ ಆಸ್ಪತ್ರೆಯ ಪಾಠಕ್ಕೆ ಹೋದಾಗ ಗಂಡು ವಿದ್ಯಾರ್ಥಿಗಳು ಕೂಗಾಡಿ, ಕಾಗದದ ಉಂಡೆಗಳನ್ನು ಎಸೆದು, ಬೀದಿಯವರೆಗೂ ಬೆನ್ನಟ್ಟಿ ಅವಮಾನಿಸಿದ್ದರು. ಕಲ್ಯಾಣದ ಹುಡುಗಿ ತನ್ನೂರ ಬೀದಿಯಲ್ಲಿ ಕಂಡಿದ್ದುದನ್ನು ಫಿಲಡೆಲ್ಫಿಯದ ಹುಡುಗಿಯರು ತಮ್ಮೂರ ಆಸ್ಪತ್ರೆಯಲ್ಲಿ ಕಂಡಿದ್ದರು. ಹೆಣ್ಣಿನ ವಿದ್ಯೆಯ ವಿಷಯದಲ್ಲಿ ಪೂರ್ವಪಶ್ಚಿಮಗಳ ಅಂತರ ನಾವು ಭಾವಿಸುವಷ್ಟು ದೊಡ್ಡದಾಗಿರಲಿಲ್ಲ.

ಹದಿನೆಂಟನೆಯ ವರ್ಷದಲ್ಲಿ ಓದು ಆರಂಭವಾಯಿತು. ಅಂಗರಚನೆ, ಶರೀರಕ್ರಿಯೆ, ರಸಾಯನ, ಔಷಧಶಾಸ್ತ್ರ, ಆ ಮೇಲೆ ರೋಗಚಿಕಿತ್ಸೆ, ಶಸ್ತ್ರಕ್ರಿಯೆ, ಪ್ರಸೂತಿಶಾಸ್ತ್ರ. ಶವವನ್ನು ಮುಟ್ಟಿದರೆ ಸ್ನಾನಮಾಡಬೇಕಾದ ಮನೆತನದಿಂದ ಬಂದವರು ಶವಚ್ಛೇದನದ ಮೇಜಿನ ಮುಂದೆ ನಿಂತರು. ಆಹಾರದಲ್ಲಿ ಸಸ್ಯಾಹಾರದ ನೇಮವನ್ನು ಬಿಡಲಿಲ್ಲ. ಆ ಊರಿನಲ್ಲಿ ಅಂಥವರಿಗೆ ಹೊಟ್ಟೆ ತುಂಬುವುದೇ ಕಷ್ಟ. ಒಂಬತ್ತು ಗಜದ ಸೀರೆ ಹಿಮಗಾಲಕ್ಕೆ ಒಗ್ಗಲಿಲ್ಲ. ಕಾಲುಗಳನ್ನು ಮುಚ್ಚುವಂತೆ ಗುಜರಾತಿ ರೀತಿಯಲ್ಲಿ ಸೀರೆಯುಡಲು ಆರಂಭಿಸಿದಾಗ, ಅಷ್ಟಕ್ಕೂ ದೂರದಲ್ಲಿದ್ದ ಗಂಡನಿಗೆ ಸಮಾಧಾನ ಹೇಳಬೇಕಾಯಿತು. ಓದಿನ ಭಾರ, ಚಳಿ, ಅರೆಹೊಟ್ಟೆ ಇವೆಲ್ಲ ಮೊದಲೇ ಬಳಲಿದ್ದ ದೇಹದ ಮೇಲೆ ಬಿದ್ದವು. ಕೊನೆಗೆ ಕ್ಷಯರೋಗ ಹೊಕ್ಕಿತು.

ಆ ಕಾಲೇಜಿನಲ್ಲಿ ಪರದೇಶದವರು ಆಕೆಯೊಬ್ಬರೇ ಆಗಿರಲಿಲ್ಲ. ೧೮೮೫ರ ಅಕ್ಟೋಬರ್ ೧೦ರಂದು ತೆಗೆದ ಛಾಯಾಚಿತ್ರವೊಂದು ಇಂದಿಗೂ ಉಳಿದಿದೆ. ಸೀರೆಯುಟ್ಟ ಆನಂದಿಬಾಯಿ, ಕಿಮೊನೊ ತೊಟ್ಟ ಜಪಾನಿನ ಕೇಯಿ ಒಕಾಮಿ, ತನ್ನ ನಾಡಿನ ಉಡುಪಿನಲ್ಲಿ ಸಿರಿಯದ ಸಬಾತ್ ಇಸ್ಲಾಂಬೂಲಿ ಮೂವರೂ ಒಟ್ಟಿಗಿದ್ದಾರೆ. ಒಕಾಮಿ ೧೮೮೯ರಲ್ಲಿಯೂ ಇಸ್ಲಾಂಬೂಲಿ ೧೮೯೦ರಲ್ಲಿಯೂ ವೈದ್ಯಪದವಿ ಪಡೆದರು. ಆ ಚಿತ್ರವನ್ನು ನೋಡುವಾಗಲೆಲ್ಲ ನನ್ನ ಗಮನ ಹೋಗುವುದು ಉಡುಗೆಗಳ ಕಡೆಗಲ್ಲ, ಮುಖಗಳ ಕಡೆಗೆ. ಮೂವರಲ್ಲಿ ಯಾರೂ ನಗುತ್ತಿಲ್ಲ. ಕೆಲಸಕ್ಕೆ ಬಂದವರ ಗಾಂಭೀರ್ಯ ಅಲ್ಲಿದೆ.

ಪದವಿಗಾಗಿ ಆನಂದಿಬಾಯಿ ಬರೆದ ಪ್ರಬಂಧದ ವಿಷಯ ಆರ್ಯ ಹಿಂದೂಗಳ ಪ್ರಸೂತಿಶಾಸ್ತ್ರ. ಅಲ್ಲಿ ಕಲಿತ ಹೊಸ ವಿದ್ಯೆಯ ಜತೆಗೆ ನಮ್ಮ ಆಯುರ್ವೇದಗ್ರಂಥಗಳ ಮಾತನ್ನೂ ಆಕೆ ಅದರಲ್ಲಿ ತಂದಿದ್ದಾರೆ. ಪರದೇಶದ ವಿದ್ಯೆಯನ್ನು ತಾಯ್ನಾಡಿನ ಬಾಣಂತಿಯ ಕೋಣೆಗೆ ಒಯ್ಯಬೇಕಾದವಳು, ಆ ಕೋಣೆಯ ಆಚಾರವಿಚಾರಗಳೇನು, ಅದರಲ್ಲಿ ಉಳಿಸಿಕೊಳ್ಳಬೇಕಾದುದೇನು ಎಂಬುದನ್ನು ತಿಳಿಯದೆ ಹೋಗುವಂತಿಲ್ಲವಷ್ಟೆ. ಹತ್ತು ದಿನದ ಮಗುವನ್ನು ಕಳೆದುಕೊಂಡ ತಾಯಿ ಬೇರೆ ಯಾವ ವಿಷಯವನ್ನು ಆರಿಸಿಕೊಂಡಾಳು?

೧೮೮೬ನೆಯ ಮಾರ್ಚ್ ೧೧ರಂದು ಪದವಿಪ್ರದಾನ ನಡೆಯಿತು. ಆ ಸಮಾರಂಭವನ್ನು ಕಾಣಲು ಪಂಡಿತಾ ರಮಾಬಾಯಿ ಇಂಗ್ಲೆಂಡಿನಿಂದ ಕಡಲು ದಾಟಿ ಬಂದರು. ೧೮೫೮ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ರಮಾಬಾಯಿ ಆನಂದಿಬಾಯಿಗೆ ದೂರದ ಬಂಧು. ಒಬ್ಬರು ಧರ್ಮ ಬದಲಿಸಿದವರು, ಇನ್ನೊಬ್ಬರು ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವ ಪಣ ತೊಟ್ಟವರು. ಆದರೂ ಹೆಣ್ಣಿನ ಸಂಕಟದ ವಿಷಯದಲ್ಲಿ ಇಬ್ಬರದೂ ಒಂದೇ ಮನಸ್ಸು. ವಿಕ್ಟೋರಿಯಾ ರಾಣಿಯಿಂದಲೂ ಅಭಿನಂದನೆಯ ಸಂದೇಶ ಬಂದಿತು. ಗೋಪಾಲರಾಯರೂ ಆ ವೇಳೆಗೆ ಅಮೆರಿಕಕ್ಕೆ ಬಂದು ಸೇರಿದ್ದರು.

ಗೋಪಾಲರಾಯರ ವಿಷಯದಲ್ಲಿ ಏನು ಹೇಳಬೇಕು? ಅವರಿಲ್ಲದಿದ್ದರೆ ಯಮುನೆ ಅಕ್ಷರ ಕಲಿಯುತ್ತಿದ್ದಳೋ ಇಲ್ಲವೋ. ಆದರೆ ಆನಂದಿಬಾಯಿ ಅಮೆರಿಕದಿಂದ ಬರೆದ ಪತ್ರವೊಂದರಲ್ಲಿ ಬಾಲ್ಯದಲ್ಲಿ ತಿಂದ ಪೆಟ್ಟುಗಳನ್ನೂ, ತನ್ನತ್ತ ಎಸೆದ ವಸ್ತುಗಳನ್ನೂ, ಬಿಟ್ಟುಹೋಗುವೆನೆಂಬ ಬೆದರಿಕೆಗಳನ್ನೂ ಒಂದೊಂದಾಗಿ ಅವರಿಗೆ ನೆನಪು ಮಾಡಿಕೊಟ್ಟಿದ್ದಾರೆ. ಅದರಿಂದ ತನಗಾದುದು ಒಳಿತೋ ಕೆಡುಕೋ ನಿರ್ಣಯಿಸುವುದು ಕಷ್ಟವೆಂಬ ಭಾವ ಅಲ್ಲಿದೆ. ದ್ವೇಷವಿಲ್ಲ, ಮರೆವೂ ಇಲ್ಲ. ಅವರ ನಂತರ ಹುಟ್ಟಿದ ನಾವು ಗೋಪಾಲರಾಯರನ್ನು ದೇವರನ್ನಾಗಿಯೋ ರಾಕ್ಷಸನನ್ನಾಗಿಯೋ ಮಾಡುವುದು ಸುಲಭ. ಆನಂದಿಬಾಯಿ ಎರಡನ್ನೂ ಮಾಡಲಿಲ್ಲ. ರೋಗಿಯ ಲಕ್ಷಣಗಳನ್ನು ಬರೆದಿಡುವ ವೈದ್ಯೆಯ ಹಾಗೆ ಇದ್ದುದನ್ನು ಇದ್ದಂತೆ ಬರೆದರು.

ಪದವಿಯ ಬೆನ್ನಿಗೇ ಕೊಲ್ಲಾಪುರ ಸಂಸ್ಥಾನದಿಂದ ಕರೆ ಬಂದಿತು. ಅಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಆಕೆ ಮುಖ್ಯ ವೈದ್ಯೆಯಾಗಬೇಕು. ಹುಡುಗಿಯಾಗಿದ್ದಾಗ ಗಂಡನೊಡನೆ ಬಾಳಿದ್ದ ಊರು ವೈದ್ಯೆಯಾದವಳನ್ನು ಕೈಬೀಸಿ ಕರೆಯಿತು. ಆಕೆ ಒಪ್ಪಿಕೊಂಡರು. ೧೮೮೬ರ ಕೊನೆಯ ಭಾಗದಲ್ಲಿ ದಂಪತಿಗಳು ಮುಂಬಯಿಗೆ ಬಂದಿಳಿದಾಗ ನಾಡಿನ ಪತ್ರಿಕೆಗಳು ಅಭಿನಂದಿಸಿದವು. ಹಿಂದೆ ನಿಂದಿಸಿದ್ದ ಸಮಾಜದಲ್ಲಿಯೇ ಗೌರವ ದೊರೆಯಿತು. ಆದರೆ ಹಡಗಿನಿಂದ ಇಳಿದವರು ರೋಗಿ. ಪುಣೆಯಲ್ಲಿ ಆಯುರ್ವೇದ ಚಿಕಿತ್ಸೆ ನಡೆಯಿತು. ಕ್ಷಯದ ಜಂತುವನ್ನು ೧೮೮೨ರಲ್ಲಿ ಕಾಕ್ ಎಂಬ ಜರ್ಮನ್ ವಿಜ್ಞಾನಿ ಗುರುತಿಸಿದ್ದನಾದರೂ, ಅದನ್ನು ಕೊಲ್ಲುವ ಔಷಧ ಆಗ ಜಗತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬರಲು ೧೯೪೩ರವರೆಗೆ ಕಾಯಬೇಕಾಗಿತ್ತು. ೧೮೮೭ನೆಯ ಫೆಬ್ರವರಿ ೨೬ರಂದು ಆನಂದಿಬಾಯಿ ತೀರಿಕೊಂಡರು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳು ಉಳಿದಿತ್ತು. ಕೊಲ್ಲಾಪುರದ ಹೆಂಗಸರು ತಮ್ಮ ವೈದ್ಯೆಯನ್ನು ಕಾಣಲಿಲ್ಲ. ಚಿತಾಭಸ್ಮವನ್ನು ಕಾರ್ಪೆಂಟರ್ ಮಾವಶಿಗೆ ಕಳುಹಿಸಿದರು. ನ್ಯೂಯಾರ್ಕ್ ಸಂಸ್ಥಾನದ ಪೊಕೀಪ್ಸಿಯಲ್ಲಿ, ಆ ಕುಟುಂಬದವರ ಸಮಾಧಿಗಳ ನಡುವೆ ಅದು ಇಂದಿಗೂ ಇದೆ.

ಹಾಗಾದರೆ ಇಷ್ಟೆಲ್ಲ ಸಿದ್ಧತೆ ವ್ಯರ್ಥವಾಯಿತೆ? ಈ ಪ್ರಶ್ನೆಯನ್ನು ನಾನು ಪ್ರಾಮಾಣಿಕವಾಗಿಯೇ ಕೇಳಿಕೊಂಡಿದ್ದೇನೆ. ವೈದ್ಯನ ಯೋಗ್ಯತೆಯನ್ನು ಗುಣವಾದ ರೋಗಿಗಳಿಂದ ಎಣಿಸುವುದಾದರೆ ಆನಂದಿಬಾಯಿಯವರ ಲೆಕ್ಕದಲ್ಲಿ ಬರೆಯಲು ಹೆಚ್ಚೇನೂ ಇಲ್ಲ. ಅದೇ ೧೮೮೬ರಲ್ಲಿ ಕಲ್ಕತ್ತೆಯಲ್ಲಿ ಓದು ಮುಗಿಸಿದ ಕಾದಂಬಿನಿ ಗಂಗೂಲಿ ಮುಂದೆ ಅನೇಕ ವರ್ಷ ವೈದ್ಯವೃತ್ತಿ ನಡೆಸಿದರು. ಬಾಲ್ಯವಿವಾಹವನ್ನು ಒಪ್ಪದೆ ನ್ಯಾಯಾಲಯದಲ್ಲಿ ಹೋರಾಡಿದ ರುಖ್ಮಾಬಾಯಿ ೧೮೯೪ರಲ್ಲಿ ಇಂಗ್ಲೆಂಡಿನಲ್ಲಿ ವೈದ್ಯೆಯಾಗಿ, ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರ ಸೇವೆ ಮಾಡಿದರು. ಮೊದಲಿಗರು ಯಾರೆಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಕಾದಂಬಿನಿ, ರುಖ್ಮಾಬಾಯಿಯವರಿಗೆ ದೊರೆತ ಆಯುಸ್ಸು ಆನಂದಿಬಾಯಿಗೆ ದೊರೆಯಲಿಲ್ಲ, ಅಷ್ಟೆ. ಆದರೆ ಹೆಣ್ಣುಮಗಳೊಬ್ಬಳು ಏಕೆ ವೈದ್ಯಳಾಗಬೇಕೆಂಬ ಪ್ರಶ್ನೆಗೆ ಬಹಿರಂಗದಲ್ಲಿ ನಿಂತು ಕೊಟ್ಟ ಉತ್ತರ, ಮುಂದೆ ಬಂದವರೆಲ್ಲರ ಪರವಾಗಿ ಕೊಟ್ಟ ಉತ್ತರವಾಯಿತು.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಪರರ ದೇಹವನ್ನು ರಕ್ಷಿಸುವ ವಿದ್ಯೆಗಾಗಿ ಆಕೆ ತನ್ನ ದೇಹವನ್ನು ಲೆಕ್ಕಿಸಲಿಲ್ಲ, ಸುತ್ತಲಿನವರೂ ಲೆಕ್ಕಿಸಲಿಲ್ಲ. ಶ್ರೀರಾಮಪುರದಲ್ಲಿದ್ದಾಗಲೇ ಕಾಣಿಸಿಕೊಂಡ ಜ್ವರ, ತಲೆನೋವುಗಳನ್ನು ಛಲದಿಂದ ತುಳಿದು ಮುಂದೆ ನಡೆದರು. ನಾವು ಅದನ್ನು ತ್ಯಾಗವೆಂದು ಕೊಂಡಾಡುತ್ತೇವೆ. ನಮ್ಮ ತರಗತಿಗಳಲ್ಲಿ ನಿದ್ದೆಗೆಟ್ಟ ಕಣ್ಣುಗಳಿಂದ ಕುಳಿತಿರುವ ಮಕ್ಕಳನ್ನು ಕಂಡಾಗ, ಆ ಕೊಂಡಾಟದಲ್ಲಿ ಎಚ್ಚರ ಬೇಕೆಂದು ನನಗೆ ತೋರುತ್ತದೆ. ವೈದ್ಯರಾಗಲು ಸಿದ್ಧರಾಗುವವರು ತಮ್ಮ ಉಸಿರನ್ನೂ ಊಟವನ್ನೂ ನಿದ್ದೆಯನ್ನೂ ಕಾಯ್ದುಕೊಳ್ಳುವುದು ಸ್ವಾರ್ಥವಲ್ಲ. ಅದು ಪಾಠದ ಒಂದು ಭಾಗ.

ಮರುದಿನ ಆ ವಿದ್ಯಾರ್ಥಿನಿಗೆ ಈ ಕಥೆಯನ್ನು ಹೇಳಿದೆ. ಆರು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ಬರೆಯುತ್ತಿರುವಾಗ ಒಂದು ಸಂಗತಿ ಹೊಳೆಯಿತು. ಆನಂದಿಬಾಯಿಯನ್ನು ಲೋಕ ಕೇಳಿದುದು, ಯಾರೂ ಮಾಡದಿರುವುದನ್ನು ನೀನೇಕೆ ಮಾಡುವೆ ಎಂದು. ಇಂದಿನ ಹುಡುಗಿ ತನ್ನನ್ನು ತಾನೇ ಕೇಳಿಕೊಳ್ಳಬೇಕಾದುದು, ಎಲ್ಲರೂ ಮಾಡುತ್ತಿರುವುದನ್ನು ನಾನೇಕೆ ಮಾಡಬೇಕು ಎಂದು. ಮೊದಲ ಪ್ರಶ್ನೆಯನ್ನು ಎದುರಿಸಲು ಧೈರ್ಯ ಸಾಕು. ಎರಡನೆಯದು ಅದಕ್ಕಿಂತ ಕಠಿಣವಾದುದು. ಏಕೆಂದರೆ ಅದನ್ನು ಯಾರೂ ಕೇಳುವುದೇ ಇಲ್ಲ. ಆರನೆಯ ಪ್ರಶ್ನೆಯನ್ನು ಹಾಗೆ ತಿದ್ದಿ ಬರೆದೆ. ಉತ್ತರ ಬರೆಯುವ ಮೊದಲು ಒಂದು ದಿನ ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊರರೋಗಿಗಳ ಸಾಲಿನ ಬಳಿ ಸುಮ್ಮನೆ ಕುಳಿತು ಬರುವಂತೆ ಹೇಳಿದೆ. ಮನೆಯವರ ಆಸೆ ತನ್ನ ಆಸೆಯಾಗುವುದಾದರೆ ಅದು ಅಂಥ ಕಡೆಯಲ್ಲಿಯೇ ಆಗಬೇಕು, ಅಂಕಪಟ್ಟಿಯಲ್ಲಿ ಅಲ್ಲ.

ಕೆಲವು ವಾರಗಳ ನಂತರ ಆಕೆ ಆ ಹಾಳೆಯನ್ನು ತಂದು ತೋರಿಸಿದಳು. ಆಸ್ಪತ್ರೆಯಲ್ಲಿ ಕುಳಿತುಬಂದಿದ್ದಳು. ಐದು ಪ್ರಶ್ನೆಗಳಿಗೆ ಉತ್ತರ ಬರೆದಿದ್ದಳು. ಆರನೆಯದರ ಮುಂದೆ ಜಾಗ ಖಾಲಿಯಿತ್ತು. ಅದಕ್ಕಾಗಿ ಸಂಕೋಚಪಟ್ಟಳು. ಸಂಕೋಚ ಬೇಡ, ತುಂಬಿಸಲು ಇನ್ನೂ ಕಾಲವಿದೆಯೆಂದು ಹೇಳಿ ಹಾಳೆಯನ್ನು ಹಿಂದಿರುಗಿಸಿದೆ.

ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆಯೆಂಬ ಹೆಸರಿನಿಂದ ಕೊಲ್ಲಾಪುರದಲ್ಲಿ ಇಂದಿಗೂ ಇದೆ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ಅಲ್ಲಿ ರೋಗಿಗಳ ಹಾಸಿಗೆಯ ಬಳಿ ನಿಂತು ಪಾಠ ಕಲಿಯುತ್ತಾರೆ. ಅವರನ್ನು ನೋಡಿ ಈಗ ಯಾರೂ ಕಿಟಕಿಯಿಂದ ಇಣಿಕುವುದಿಲ್ಲ.